ಆಸ್ಪತ್ರೆ ಸಿಬ್ಬಂದಿಗೆ ವಿಕಿರಣ ಸುರಕ್ಷತೆ: ಎಲ್ಲಿ ನಿಲ್ಲಬೇಕು, ಏನು ತೊಡಬೇಕು, ಏನನ್ನು ದಾಖಲಿಸಬೇಕು

ಆಸ್ಪತ್ರೆಯಲ್ಲಿ ವಿಕಿರಣದ ಜೊತೆ ಕೆಲಸ ಮಾಡುವವರು ಎಂದಾಗ ಸಾಮಾನ್ಯವಾಗಿ ಎಕ್ಸ್‌-ರೇ ತಂತ್ರಜ್ಞರು ಮಾತ್ರ ನೆನಪಾಗುತ್ತಾರೆ. ಅವರಿಗೆ ತರಬೇತಿ ಇರುತ್ತದೆ, ಗೋಡೆಯ ಮರೆ ಇರುತ್ತದೆ, ಮೈಗೆ ಬಿದ್ದ ವಿಕಿರಣವನ್ನು ಅಳೆಯುವ ಬ್ಯಾಡ್ಜ್ ಕೂಡ ಇರುತ್ತದೆ. ಆದರೆ ಸಿ-ಆರ್ಮ್ (ಶಸ್ತ್ರಚಿಕಿತ್ಸೆಯ ನಡುವೆಯೇ ಚಿತ್ರ ತೋರಿಸುವ, C ಆಕಾರದ ಎಕ್ಸ್‌-ರೇ ಯಂತ್ರ) ಬಳಸಿ ನಡೆಯುವ ಮೂಳೆ ಶಸ್ತ್ರಚಿಕಿತ್ಸೆಯಲ್ಲಿ ವೈದ್ಯರ ಪಕ್ಕ ನಿಂತು ಉಪಕರಣ ಕೊಡುವ ನರ್ಸ್, ರೋಗಿಯ ತಲೆಯ ಬಳಿ ಇರುವ ಅರಿವಳಿಕೆ ತಜ್ಞರು, ಎಕ್ಸ್‌-ರೇ ನೋಡುತ್ತ ಹೃದಯದ ರಕ್ತನಾಳಗಳಿಗೆ ಚಿಕಿತ್ಸೆ ನೀಡುವ ಕ್ಯಾಥ್ ಲ್ಯಾಬ್‌ನ ಸಹಾಯಕರು, ವಿಕಿರಣಶೀಲ ಔಷಧ ಬಳಸುವ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದ ಶೌಚಾಲಯ ತೊಳೆಯುವ ಸ್ವಚ್ಛತಾ ಸಿಬ್ಬಂದಿ, ಇವರೆಲ್ಲರೂ ವಿಕಿರಣದ ಹತ್ತಿರವೇ ದಿನ ಕಳೆಯುತ್ತಾರೆ. ಇವರಲ್ಲಿ ಬಹಳಷ್ಟು ಮಂದಿಗೆ ಯಾರೂ ಕೂರಿಸಿ ಏನನ್ನೂ ಹೇಳಿಕೊಟ್ಟಿರುವುದಿಲ್ಲ. ಸೀಸದ ಏಪ್ರನ್ ಹಾಕಿಕೊಳ್ಳಿ ಎಂಬ ಒಂದು ಮಾತಿನಲ್ಲೇ ತರಬೇತಿ ಮುಗಿದಿರುತ್ತದೆ. ಈ ಲೇಖನ ಮುಖ್ಯವಾಗಿ ಅಂಥವರಿಗಾಗಿ.

ಮೊದಲು: ವಿಕಿರಣ ಎಲ್ಲಿಂದ ಬರುತ್ತಿದೆ ಎಂದು ಗುರುತಿಸಿ

ಎಕ್ಸ್‌-ರೇ ಕೊಠಡಿಯಲ್ಲಿರುವ ಸಿಬ್ಬಂದಿಗೆ ತಗಲುವ ವಿಕಿರಣದ ಬಹುಪಾಲು ನೇರವಾಗಿ ಯಂತ್ರದಿಂದ ಬಂದದ್ದಲ್ಲ, ರೋಗಿಯ ದೇಹದಿಂದ ಚದುರಿ ಬಂದದ್ದು. ಯಂತ್ರದ ಎಕ್ಸ್‌-ರೇ ಟ್ಯೂಬಿನಿಂದ ಹೊರಟ ಕಿರಣಪುಂಜ ರೋಗಿಯ ದೇಹವನ್ನು ಹೊಕ್ಕಾಗ ಅದರ ಒಂದು ಭಾಗ ದಿಕ್ಕು ಬದಲಿಸಿ ಎಲ್ಲ ಕಡೆಗೂ ಸಿಡಿಯುತ್ತದೆ. ದಟ್ಟ ಮಂಜಿನೊಳಗೆ ವಾಹನದ ದೀಪ ಹಾಯಿಸಿದಾಗ ಬೆಳಕು ಸುತ್ತಲೂ ಹರಡಿಕೊಳ್ಳುವ ಹಾಗೆ. ಈ ಒಂದು ಸಂಗತಿ ಮನಸ್ಸಿನಲ್ಲಿ ನಿಂತರೆ ಮುಂದಿನ ಸೂಚನೆಗಳಲ್ಲಿ ಅರ್ಧದಷ್ಟನ್ನು ಓದುಗರು ತಾವೇ ಊಹಿಸಿಕೊಳ್ಳಬಹುದು. ಕಿರಣ ರೋಗಿಯ ದೇಹವನ್ನು ಪ್ರವೇಶಿಸುವ ಜಾಗವೇ ಚದುರಿಕೆಯ ಮುಖ್ಯ ಮೂಲವಾದ್ದರಿಂದ, ಆ ಜಾಗದಿಂದ ದೂರವಿರುವುದು ಮತ್ತು ಆ ಜಾಗಕ್ಕೂ ನಮಗೂ ನಡುವೆ ಏನನ್ನಾದರೂ ಅಡ್ಡ ಇಡುವುದು ನಮ್ಮ ಕೆಲಸ.

ಸ್ಥೂಲ ಲೆಕ್ಕದಲ್ಲಿ, ರೋಗಿಯಿಂದ 1 ಮೀಟರ್ ದೂರದಲ್ಲಿ ಚದುರಿದ ವಿಕಿರಣದ ತೀವ್ರತೆ ರೋಗಿಯ ಮೇಲೆ ಬೀಳುವ ಕಿರಣದ ಸುಮಾರು 1000ದಲ್ಲಿ ಒಂದು ಭಾಗದಷ್ಟಿರುತ್ತದೆ. ಒಂದು ಎಕ್ಸ್‌-ರೇಗೆ ಇದು ನಗಣ್ಯ. ಆದರೆ ರೋಗಿ ಬಂದು ಹೋಗುವುದು ಒಮ್ಮೆ; ಸಿಬ್ಬಂದಿ ವರ್ಷಗಟ್ಟಲೆ ಅದೇ ಕೊಠಡಿಯಲ್ಲಿ ನಿಲ್ಲುತ್ತಾರೆ.

ಇಲ್ಲಿಯೇ ಕೆಲವು ಅನಗತ್ಯ ಭಯಗಳನ್ನೂ ಬಿಟ್ಟುಬಿಡಬಹುದು. ಎಕ್ಸ್‌-ರೇ ಯಂತ್ರದ ಸ್ವಿಚ್ ಬಿಟ್ಟ ಕ್ಷಣವೇ ವಿಕಿರಣ ನಿಲ್ಲುತ್ತದೆ; ಕೊಠಡಿಯ ಗಾಳಿಯಲ್ಲಾಗಲಿ, ಗೋಡೆಯಲ್ಲಾಗಲಿ, ಹಾಸಿಗೆಯಲ್ಲಾಗಲಿ ಏನೂ ಉಳಿಯುವುದಿಲ್ಲ. ಸಿಟಿ ಸ್ಕ್ಯಾನ್ ಮಾಡಿಸಿಕೊಂಡು ಬಂದ ರೋಗಿಯನ್ನು ಮುಟ್ಟಲು ಹಿಂಜರಿಯಬೇಕಿಲ್ಲ. ಎಂಆರ್‌ಐ ಮತ್ತು ಅಲ್ಟ್ರಾಸೌಂಡ್‌ಗಳಲ್ಲಿ ಅಯಾನೀಕರಿಸುವ ವಿಕಿರಣವೇ ಇಲ್ಲ. ವಿಕಿರಣಶೀಲ ಔಷಧವನ್ನು ದೇಹದೊಳಗೆ ಪಡೆದ ರೋಗಿಯ ವಿಷಯ ಮಾತ್ರ ಬೇರೆ. ಅದನ್ನು ಮುಂದೆ ನೋಡೋಣ.

ಮಿತಿಗಳನ್ನು ತಿಳಿದಿಟ್ಟುಕೊಳ್ಳಿ

ವಿಕಿರಣದ ಪ್ರಮಾಣವನ್ನು ಮಿಲಿಸೀವರ್ಟ್‌ನಲ್ಲಿ ಅಳೆಯುತ್ತಾರೆ. ಮಣ್ಣು, ಗಾಳಿ, ಆಹಾರ ಮತ್ತು ಆಕಾಶದಿಂದ ಭೂಮಿಯ ಮೇಲಿನ ಪ್ರತಿಯೊಬ್ಬರಿಗೂ ವರ್ಷಕ್ಕೆ ಸರಾಸರಿ ಸುಮಾರು 2.4 ಮಿಲಿಸೀವರ್ಟ್ ಬರುತ್ತಲೇ ಇರುತ್ತದೆ. ಇದಲ್ಲದೆ ಕೆಲಸದಿಂದ ಬರುವ ಭಾಗಕ್ಕೆ ಅಂತರರಾಷ್ಟ್ರೀಯ ವಿಕಿರಣ ಸಂರಕ್ಷಣಾ ಆಯೋಗವು ಮಿತಿಗಳನ್ನು ಶಿಫಾರಸು ಮಾಡಿದೆ: ಇಡೀ ದೇಹಕ್ಕೆ 5 ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 50ಕ್ಕಿಂತ ಹೆಚ್ಚಿರಬಾರದು, ಕೈಕಾಲುಗಳಿಗೆ ಮತ್ತು ಚರ್ಮಕ್ಕೆ ವರ್ಷಕ್ಕೆ 500. ಸಾರ್ವಜನಿಕರಿಗೆ ವರ್ಷಕ್ಕೆ 1 ಮಿಲಿಸೀವರ್ಟ್ ಮಾತ್ರ. ದೇಶದಿಂದ ದೇಶಕ್ಕೆ ಈ ಅಂಕಿಗಳಲ್ಲಿ ಅಲ್ಪಸ್ವಲ್ಪ ವ್ಯತ್ಯಾಸವಿರುವುದರಿಂದ ತಮ್ಮ ದೇಶದ ನಿಯಂತ್ರಣ ಸಂಸ್ಥೆಯ ಅಂಕಿಯನ್ನು ವಿಕಿರಣ ಸುರಕ್ಷತಾ ಅಧಿಕಾರಿಯಿಂದ ಕೇಳಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಕಣ್ಣಿನ ಮಸೂರದ ಮಿತಿಯ ಕಥೆ ಸ್ವಲ್ಪ ವಿಶೇಷವಾದದ್ದು. ಹಿಂದೆ ಅದಕ್ಕೆ ವರ್ಷಕ್ಕೆ 150 ಮಿಲಿಸೀವರ್ಟ್ ಎಂದಿತ್ತು. ನಾವು ಎಣಿಸಿದ್ದಕ್ಕಿಂತ ಕಡಿಮೆ ಪ್ರಮಾಣದಲ್ಲೇ ಕಣ್ಣಿನ ಪೊರೆ ಬರಬಹುದು ಎಂಬ ಪುರಾವೆ ಕೂಡುತ್ತಾ ಹೋದಂತೆ, 2011ರಲ್ಲಿ ಆಯೋಗ ಅದನ್ನು ಒಮ್ಮೆಗೇ 20ಕ್ಕೆ ಇಳಿಸಿತು. ಈ ಬದಲಾವಣೆಯ ನಂತರವೂ ಸಿ-ಆರ್ಮ್ ಬಳಸುವ ಎಷ್ಟೋ ಕಡೆ ದೇಹಕ್ಕೆ ಏಪ್ರನ್ ಇದ್ದು ಕಣ್ಣಿಗೆ ಏನೂ ಇಲ್ಲದಿರುವುದನ್ನು ಕಾಣುತ್ತೇವೆ.

ಮಿತಿಯೊಳಗಿದ್ದರೆ ಸಾಕು ಎಂದು ನೆಮ್ಮದಿಯಿಂದ ಕೂರುವುದೂ ಸರಿಯಲ್ಲ. ಕಣ್ಣಿನ ಪೊರೆ, ಚರ್ಮದ ಸುಟ್ಟಗಾಯಗಳಂಥ ಪರಿಣಾಮಗಳು ಒಂದು ಪ್ರಮಾಣ ದಾಟಿದ ಮೇಲೆ ಕಾಣಿಸಿಕೊಳ್ಳುತ್ತವೆ. ಕ್ಯಾನ್ಸರಿನ ಸಂಭವಕ್ಕೆ ಅಂಥ ಹೊಸ್ತಿಲು ಇಲ್ಲವೆಂದು ಭಾವಿಸಿಯೇ ಸುರಕ್ಷತೆಯ ನಿಯಮಗಳನ್ನು ರೂಪಿಸಲಾಗಿದೆ. ಆದ್ದರಿಂದ ಕೆಲಸಕ್ಕೆ ತೊಡಕಾಗದಂತೆ ಎಷ್ಟು ಕಡಿಮೆ ಮಾಡಲು ಸಾಧ್ಯವೋ ಅಷ್ಟು ಕಡಿಮೆ ಮಾಡಬೇಕು ಎಂಬುದೇ ಎಲ್ಲೆಡೆ ಒಪ್ಪಿತವಾದ ತತ್ವ.

ನಿಲ್ಲುವ ಜಾಗವನ್ನು ಆರಿಸಿಕೊಳ್ಳಿ

ಸಮಯ, ದೂರ, ಮರೆ ಎಂಬ ಮೂರು ಉಪಾಯಗಳನ್ನು ಎಲ್ಲ ತರಬೇತಿಗಳಲ್ಲೂ ಹೇಳುತ್ತಾರೆ. ಇವುಗಳಲ್ಲಿ ದುಡ್ಡು ಖರ್ಚಾಗದ, ತೂಕವಿಲ್ಲದ, ಯಾರ ಅನುಮತಿಯೂ ಬೇಡದ ಉಪಾಯವೆಂದರೆ ದೂರ. 1 ಮೀಟರ್ ದೂರದಲ್ಲಿ ನಿಂತವರು 2 ಮೀಟರಿಗೆ ಸರಿದರೆ ವಿಕಿರಣ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. 3 ಮೀಟರಿಗೆ ಸರಿದರೆ ಒಂಬತ್ತನೇ ಒಂದು ಭಾಗಕ್ಕೆ. ಹತ್ತಿರದಲ್ಲಿರುವಾಗ ಇಟ್ಟ ಮೊದಲ ಹೆಜ್ಜೆಗೇ ಹೆಚ್ಚು ಲಾಭ. ಎಕ್ಸ್‌-ರೇ ಹಾಯಿಸುವ ಕಾಲಿನ ಪೆಡಲ್ ಒತ್ತುವ ಮುನ್ನ ಅರಿವಳಿಕೆ ತಜ್ಞರು ಕುರ್ಚಿಯನ್ನು ಒಂದು ಗಜ ಹಿಂದಕ್ಕೆ ಸರಿಸಿಕೊಂಡರೂ ವರ್ಷದ ಕೊನೆಗೆ ಬ್ಯಾಡ್ಜ್ ವರದಿಯಲ್ಲಿ ಅದರ ಫಲ ಕಾಣುತ್ತದೆ.

ಹಾಗಾಗಿ ಮೊದಲ ಅಭ್ಯಾಸ ಇದಾಗಲಿ: ಕೊಠಡಿಗೆ ಕಾಲಿಟ್ಟ ಕೂಡಲೇ ಟ್ಯೂಬ್ ಎಲ್ಲಿದೆ, ಕಿರಣ ಯಾವ ಕಡೆಯಿಂದ ರೋಗಿಯನ್ನು ಪ್ರವೇಶಿಸುತ್ತದೆ, ತಾವು ಹಿಂದೆ ಸರಿಯಲು ಜಾಗ ಎಲ್ಲಿದೆ ಎಂಬುದನ್ನು ನೋಡಿಕೊಳ್ಳಬೇಕು. ಆ ಹೊತ್ತಿನಲ್ಲಿ ತಮ್ಮ ಕೆಲಸವೇ ಇಲ್ಲದಿದ್ದರೆ ಹೊರಗೆ ಹೋಗಿ ಬಾಗಿಲು ಮುಚ್ಚಿಕೊಳ್ಳುವುದು ಎಲ್ಲಕ್ಕಿಂತ ಉತ್ತಮ.

ಸಿ-ಆರ್ಮ್ ಮತ್ತು ಕ್ಯಾಥ್ ಲ್ಯಾಬ್: ಹೆಚ್ಚಿನ ಎಚ್ಚರ ಬೇಕಾದ ಜಾಗ

ಮುರಿದ ತೊಡೆಮೂಳೆಗೆ ರಾಡ್ ಕೂರಿಸುವ ಶಸ್ತ್ರಚಿಕಿತ್ಸೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಮೇಲಿನಿಂದ ಕೆಳಕ್ಕೆ ನೋಡುವ ಚಿತ್ರಕ್ಕಾಗಿ ಸಿ-ಆರ್ಮನ್ನು ನಿಲ್ಲಿಸುವಾಗ ಟ್ಯೂಬ್ ಮೇಜಿನ ಕೆಳಗಿರಬೇಕು, ಚಿತ್ರ ಹಿಡಿಯುವ ಡಿಟೆಕ್ಟರ್ ಮೇಲಿರಬೇಕು. ಹೀಗಿದ್ದಾಗ ಚದುರಿದ ವಿಕಿರಣದ ಹೆಚ್ಚಿನ ಪಾಲು ನೆಲದ ಕಡೆಗೆ, ಕಾಲುಗಳ ಕಡೆಗೆ ಹೋಗುತ್ತದೆ. ಅನುಕೂಲವೆಂದು ತಲೆಕೆಳಗು ಮಾಡಿ ಟ್ಯೂಬನ್ನು ಮೇಲೆ ತಂದರೆ ಅದೇ ವಿಕಿರಣ ನೇರವಾಗಿ ಮುಖ, ಕಣ್ಣು, ಕುತ್ತಿಗೆಗಳತ್ತ ಬರುತ್ತದೆ. ಇದು ಚಿಕ್ಕ ತಪ್ಪಲ್ಲ. ಇದನ್ನು ಕಂಡ ಯಾವ ಸಿಬ್ಬಂದಿಯಾದರೂ ತಮ್ಮ ಹುದ್ದೆ ಯಾವುದೆಂದು ನೋಡದೆ ಬಾಯಿಬಿಟ್ಟು ಹೇಳಬೇಕು.

ಬಳಿಕ ಅದೇ ಸಿ-ಆರ್ಮನ್ನು ಪಕ್ಕಕ್ಕೆ ತಿರುಗಿಸಿ ಅಡ್ಡ ಚಿತ್ರ ತೆಗೆಯುವ ಹೊತ್ತು ಬರುತ್ತದೆ. ಈಗ ಟ್ಯೂಬ್ ಮೇಜಿನ ಒಂದು ಬದಿಗೆ, ಡಿಟೆಕ್ಟರ್ ಇನ್ನೊಂದು ಬದಿಗೆ. ಟ್ಯೂಬಿನ ಬದಿಯಲ್ಲಿ ನಿಂತವರಿಗೆ ಡಿಟೆಕ್ಟರ್ ಬದಿಯವರಿಗಿಂತ ಬಹಳ ಹೆಚ್ಚು ವಿಕಿರಣ ಬೀಳುತ್ತದೆ, ಏಕೆಂದರೆ ಕಿರಣ ದೇಹವನ್ನು ಹೊಗುವ ಜಾಗ ಅವರ ಕಣ್ಣೆದುರಿಗೇ ಇರುತ್ತದೆ. ಶಸ್ತ್ರಚಿಕಿತ್ಸಕರೂ ನರ್ಸೂ ಡಿಟೆಕ್ಟರ್ ಬದಿಗೆ ಬರಬೇಕು. ಸಾಧ್ಯವಾಗದಿದ್ದರೆ ಆ ಒಂದೆರಡು ಚಿತ್ರಗಳ ಮಟ್ಟಿಗೆ ಹಿಂದೆ ಸರಿಯಬೇಕು. ಪೆಡಲ್ ಒತ್ತುವವರು ಒತ್ತುವ ಮುನ್ನ ಎಕ್ಸ್‌-ರೇ ಎಂದು ಗಟ್ಟಿಯಾಗಿ ಹೇಳುವ ರೂಢಿ ಇರುವ ಥಿಯೇಟರುಗಳಲ್ಲಿ ಇದು ತಾನಾಗಿಯೇ ನಡೆದುಹೋಗುತ್ತದೆ.

ರೋಗಿಗೆ ಡಿಟೆಕ್ಟರನ್ನು ಆದಷ್ಟು ಹತ್ತಿರಕ್ಕೆ, ಟ್ಯೂಬನ್ನು ಆದಷ್ಟು ದೂರಕ್ಕೆ ಇಡಬೇಕು. ಚಿತ್ರದ ಕ್ಷೇತ್ರವನ್ನು ಬೇಕಾದಷ್ಟಕ್ಕೇ ಕಿರಿದುಗೊಳಿಸಿದರೆ ಚದುರಿಕೆಯೂ ಇಳಿಯುತ್ತದೆ, ಚಿತ್ರವೂ ಸ್ಪಷ್ಟವಾಗುತ್ತದೆ. ದೊಡ್ಡದಾಗಿ ತೋರಿಸುವ ಮ್ಯಾಗ್ನಿಫಿಕೇಶನ್ ಗುಂಡಿಯನ್ನು ಸುಮ್ಮನೆ ಒತ್ತಿಟ್ಟುಕೊಳ್ಳಬಾರದು. ಸಾಮಾನ್ಯವಾಗಿ ಅದು ಪ್ರಮಾಣವನ್ನು ಏರಿಸುತ್ತದೆ. ಫ್ಲೋರೋಸ್ಕೋಪಿ ಎಂದರೆ ಪರದೆಯ ಮೇಲೆ ಚಲಿಸುವಂತೆ ಕಾಣುವ ಎಕ್ಸ್‌-ರೇ; ಕಿರಣವನ್ನು ಬಿಟ್ಟು ಬಿಟ್ಟು ಹಾಯಿಸುವ ಪಲ್ಸ್ ಫ್ಲೋರೋಸ್ಕೋಪಿ ಇರುವ ಯಂತ್ರದಲ್ಲಿ ಸೆಕೆಂಡಿಗೆ 15 ಚಿತ್ರಗಳ ಬದಲು 7.5 ಇಟ್ಟರೆ ಪ್ರಮಾಣ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಬಹಳಷ್ಟು ಕೆಲಸಗಳಿಗೆ ಅದು ಸಾಕಾಗುತ್ತದೆ. ಕೊನೆಯ ಚಿತ್ರ ಪರದೆಯ ಮೇಲೆ ನಿಂತೇ ಇರುವಾಗ ಅದನ್ನು ನೋಡುತ್ತ ಚರ್ಚಿಸಬಹುದು. ಚರ್ಚೆಯ ಉದ್ದಕ್ಕೂ ಪೆಡಲ್ ಮೇಲೆ ಕಾಲಿಟ್ಟಿರಬೇಕಿಲ್ಲ.

ಕೈಯ ಬಗ್ಗೆ ಒಂದು ಮಾತು. ಎಲುಬನ್ನು ಹಿಡಿದಿರುವ ಬೆರಳುಗಳು ಪರದೆಯ ಮೇಲೆ ಕಂಡರೆ ಅವು ನೇರ ಕಿರಣದೊಳಗಿವೆ ಎಂದರ್ಥ, ಮತ್ತು ಅಲ್ಲಿನ ತೀವ್ರತೆ ಚದುರಿದ ವಿಕಿರಣಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಸೀಸದ ಕೈಗವಸು ಹಾಕಿಕೊಂಡರೆ ಆಯಿತಲ್ಲ ಎಂದು ಕೆಲವರು ನಂಬುತ್ತಾರೆ. ಆದರೆ ಕೈಗವಸು ಕ್ಷೇತ್ರದೊಳಗೆ ಬಂದ ಕೂಡಲೇ ಚಿತ್ರ ಮಸುಕಾಯಿತೆಂದು ಯಂತ್ರವು ತಾನಾಗಿಯೇ ಪ್ರಮಾಣವನ್ನು ಏರಿಸುತ್ತದೆ. ಕೈಗೂ ಉಳಿತಾಯವಾಗುವುದಿಲ್ಲ, ರೋಗಿಗೂ ಸಿಬ್ಬಂದಿಗೂ ಹೆಚ್ಚು ಬೀಳುತ್ತದೆ. ಉದ್ದ ಹಿಡಿಕೆಯ ಉಪಕರಣ ಬಳಸುವುದು ಅಥವಾ ಕೈ ತೆಗೆದ ಮೇಲೆ ಪೆಡಲ್ ಒತ್ತುವುದು ಸರಿಯಾದ ದಾರಿ.

ಕ್ಯಾಥ್ ಲ್ಯಾಬ್‌ನಲ್ಲಿ ಪ್ರಕ್ರಿಯೆಗಳು ದೀರ್ಘವಾಗಿರುವುದರಿಂದ ಮೇಜಿನ ಅಂಚಿಗೆ ಇಳಿಬಿಡುವ ಸೀಸದ ಪರದೆ ಮತ್ತು ಛಾವಣಿಯಿಂದ ತೂಗುವ ಪಾರದರ್ಶಕ ಸೀಸದ ಗಾಜು, ಇವೆರಡೂ ಏಪ್ರನ್‌ನಷ್ಟೇ ಮುಖ್ಯ. ತೂಗುಗಾಜನ್ನು ಪಕ್ಕಕ್ಕೆ ತಳ್ಳಿ ಮರೆತುಬಿಡುವುದು ಅತಿ ಸಾಮಾನ್ಯ. ಅದನ್ನು ರೋಗಿಯ ದೇಹಕ್ಕೆ ತಾಗುವಷ್ಟು ಹತ್ತಿರ ತಂದು, ಕಿರಣದ ಜಾಗಕ್ಕೂ ವೈದ್ಯರ ಮುಖಕ್ಕೂ ನಡುವೆ ನಿಲ್ಲಿಸಿದರೆ ಮಾತ್ರ ಉಪಯೋಗ. ವೈದ್ಯರು ಸಾಮಾನ್ಯವಾಗಿ ರೋಗಿಯ ಬಲಬದಿಯಲ್ಲಿ ನಿಲ್ಲುವುದರಿಂದ ಅವರ ಎಡಗಣ್ಣು ಮತ್ತು ತಲೆಯ ಎಡಭಾಗಕ್ಕೆ ಹೆಚ್ಚು ವಿಕಿರಣ ಬೀಳುತ್ತದೆ. ಅವರ ಹಿಂದೆ ನಿಂತ ನರ್ಸ್‌ಗೆ ಆ ಗಾಜಿನ ನೆರಳು ಸಿಗುತ್ತದೋ ಇಲ್ಲವೋ ಎಂಬುದನ್ನು ಅವರೇ ನೋಡಿಕೊಳ್ಳಬೇಕು.

ತೊಡುವುದನ್ನು ಸರಿಯಾಗಿ ತೊಡಿ, ಸರಿಯಾಗಿ ತೂಗುಹಾಕಿ

ಚದುರಿದ ಎಕ್ಸ್‌-ರೇಯಲ್ಲಿ 0.25 ಮಿಲಿಮೀಟರ್ ಸೀಸಕ್ಕೆ ಸಮನಾದ ಏಪ್ರನ್ ಸುಮಾರು 90 ಪ್ರತಿಶತವನ್ನು, 0.5 ಮಿಲಿಮೀಟರಿನದು 95 ಪ್ರತಿಶತಕ್ಕೂ ಹೆಚ್ಚನ್ನು ತಡೆಯುತ್ತದೆ. ಮುಂಭಾಗಕ್ಕೆ ಮಾತ್ರ ಸೀಸವಿರುವ ಏಪ್ರನ್ ಹಾಕಿಕೊಂಡು, ಹಿಂದಿರುವ ಟ್ರಾಲಿಯಿಂದ ಸಾಮಾನು ತೆಗೆಯಲು ರೋಗಿಗೆ ಬೆನ್ನು ಮಾಡಿದರೆ ಆ ಹೊತ್ತಿಗೆ ಏಪ್ರನ್ ಇದ್ದೂ ಇಲ್ಲದಂತೆ. ಓಡಾಡುವ ಸಿಬ್ಬಂದಿಗೆ ಸುತ್ತಿಕೊಳ್ಳುವ, ಮೇಲಂಗಿ ಮತ್ತು ಸ್ಕರ್ಟ್ ಎಂದು ಎರಡು ಭಾಗವಿರುವ ಏಪ್ರನ್ ಸೂಕ್ತ; ಸೊಂಟದ ಮೇಲೂ ಭಾರ ಹಂಚಿಹೋಗುವುದರಿಂದ ಬೆನ್ನುನೋವೂ ಕಡಿಮೆ. ತೋಳಿನ ಕಂಕುಳ ಭಾಗ ಬಾಯ್ಬಿಟ್ಟಿರುವ, ಅಳತೆ ದೊಡ್ಡದಾದ ಏಪ್ರನ್ ಎದೆಯ ಪಕ್ಕವನ್ನು ತೆರೆದಿಡುತ್ತದೆ. ಎಲ್ಲರಿಗೂ ಒಂದೇ ಅಳತೆಯ ಏಪ್ರನ್ ಕೊಳ್ಳುವ ಆಸ್ಪತ್ರೆಗಳಲ್ಲಿ ಮಹಿಳಾ ಸಿಬ್ಬಂದಿ ಈ ಮಾತನ್ನು ಎತ್ತಲೇಬೇಕು.

ಥೈರಾಯ್ಡ್ ಕಾಲರ್ ಸಡಿಲವಾಗಿ ನೇತಾಡದೆ ಕುತ್ತಿಗೆಗೆ ಹೊಂದಿಕೊಂಡಿರಬೇಕು. ಸೀಸದ ಕನ್ನಡಕಕ್ಕೆ ಪಕ್ಕದ ಮರೆ ಇರಬೇಕು ಮತ್ತು ಅದು ಕೆನ್ನೆಗೆ ಹತ್ತಿರ ಕೂರಬೇಕು, ಏಕೆಂದರೆ ಪರದೆಯತ್ತ ನೋಡುವಾಗ ವಿಕಿರಣ ಕೆಳಗಿನಿಂದ ಮತ್ತು ಪಕ್ಕದಿಂದ ಬರುತ್ತದೆ.

ಏಪ್ರನ್ ಹಾಳಾಗುವುದು ಬಳಸುವುದರಿಂದ ಅಲ್ಲ, ಮಡಚುವುದರಿಂದ. ಕೆಲಸ ಮುಗಿದ ಮೇಲೆ ಕುರ್ಚಿಯ ಬೆನ್ನಿನ ಮೇಲೆ ಎಸೆದ ಏಪ್ರನ್‌ನ ಒಳಗಿನ ಹಾಳೆ ಮಡಿಕೆಯ ಜಾಗದಲ್ಲಿ ಬಿರುಕು ಬಿಡುತ್ತದೆ. ಹೊರಗಿನ ಬಟ್ಟೆ ಹೊಸದರಂತೆಯೇ ಇರುತ್ತದೆ. ಆದ್ದರಿಂದ ಹ್ಯಾಂಗರಿಗೆ ಹಾಕಬೇಕು, ಪ್ರತಿ ಏಪ್ರನ್‌ಗೂ ಸಂಖ್ಯೆ ಕೊಡಬೇಕು, ವರ್ಷಕ್ಕೊಮ್ಮೆಯಾದರೂ ಫ್ಲೋರೋಸ್ಕೋಪಿಯಲ್ಲಿ ಪರೀಕ್ಷಿಸಿ ದಿನಾಂಕ ಬರೆದಿಡಬೇಕು. ಪರೀಕ್ಷೆಯಲ್ಲಿ ಬಿರುಕು ಬೆಳಕಿನ ಗೆರೆಯಂತೆ ಎದ್ದು ಕಾಣುತ್ತದೆ. ನಡುವೆ ಅನುಮಾನ ಬಂದರೆ ಮೇಜಿನ ಮೇಲೆ ಹರಡಿ ಕೈಯಾಡಿಸಿ ನೋಡಬಹುದು. ಗಂಟು, ತಗ್ಗು, ಕೆಳಗೆ ಜಾರಿ ಗುಡ್ಡೆಯಾದ ಭಾಗ ಬೆರಳಿಗೆ ಸಿಗುತ್ತದೆ.

ಬ್ಯಾಡ್ಜನ್ನು ಪ್ರತಿದಿನ ಹಾಕಿ

ಬಿದ್ದ ವಿಕಿರಣವನ್ನು ದಾಖಲಿಸಿಕೊಳ್ಳುವ ಟಿಎಲ್‌ಡಿ ಬ್ಯಾಡ್ಜ್ ನಮ್ಮನ್ನು ಕಾಪಾಡುವುದಿಲ್ಲ. ನಾವು ಕಾಪಾಡಿಕೊಂಡಿದ್ದೇವೆಯೇ ಎಂದು ಹೇಳುತ್ತದೆ, ಅದೂ ತಿಂಗಳುಗಳ ನಂತರ. ಒಂದೇ ಬ್ಯಾಡ್ಜ್ ಇದ್ದರೆ ಅದನ್ನು ಎಲ್ಲಿ ಧರಿಸಬೇಕು ಎಂಬುದಕ್ಕೆ ತಮ್ಮ ದೇಶದ ನಿಯಮವನ್ನೇ ಅನುಸರಿಸಬೇಕು. ಹಲವೆಡೆ ಅದು ಎದೆಯ ಮಟ್ಟದಲ್ಲಿ ಏಪ್ರನ್‌ನ ಒಳಗೆ. ಎರಡು ಕೊಟ್ಟಿದ್ದರೆ ಒಂದು ಏಪ್ರನ್‌ನ ಒಳಗೆ, ಇನ್ನೊಂದು ಕುತ್ತಿಗೆಯ ಬಳಿ ಹೊರಗೆ. ಇವೆರಡನ್ನು ಅದಲುಬದಲು ಮಾಡಿದರೆ ವರದಿ ಅರ್ಥಹೀನವಾಗುತ್ತದೆ.

ಏಪ್ರನ್‌ಗೆ ಸಿಕ್ಕಿಸಿದ ಬ್ಯಾಡ್ಜನ್ನು ಹಾಗೆಯೇ ಎಕ್ಸ್‌-ರೇ ಕೊಠಡಿಯಲ್ಲಿ ಬಿಟ್ಟು ಹೋಗುವುದು, ಒಬ್ಬರದನ್ನು ಇನ್ನೊಬ್ಬರು ಹಾಕಿಕೊಳ್ಳುವುದು, ತಾವೇ ರೋಗಿಯಾಗಿ ಎಕ್ಸ್‌-ರೇ ತೆಗೆಸಿಕೊಳ್ಳುವಾಗ ಬ್ಯಾಡ್ಜ್ ತೆಗೆಯದಿರುವುದು, ಇವು ಸುಳ್ಳು ಅಂಕಿಗಳಿಗೆ ಸಾಮಾನ್ಯ ಕಾರಣಗಳು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ: ವರದಿಯಲ್ಲಿ ಹೆಚ್ಚು ಬಂದರೆ ಕೆಲಸಕ್ಕೆ ತೊಂದರೆಯಾದೀತು ಎಂದು ಬ್ಯಾಡ್ಜನ್ನು ಡ್ರಾಯರಿನಲ್ಲೇ ಇಡುವುದು. ಸೊನ್ನೆ ಎಂಬ ವರದಿ ವರ್ಷವಿಡೀ ಬರುತ್ತಿದ್ದು, ಆ ವ್ಯಕ್ತಿ ದಿನವೂ ಕ್ಯಾಥ್ ಲ್ಯಾಬ್‌ನಲ್ಲಿ ನಿಲ್ಲುತ್ತಿದ್ದರೆ ಆ ಸೊನ್ನೆಯನ್ನು ನಂಬುವಂತಿಲ್ಲ. ಸುರಕ್ಷತಾ ಅಧಿಕಾರಿಗಳು ಹೆಚ್ಚಿನ ಅಂಕಿಗಳನ್ನು ವಿಚಾರಿಸುವಷ್ಟೇ ಗಂಭೀರವಾಗಿ ಇಂಥ ಸೊನ್ನೆಗಳನ್ನೂ ವಿಚಾರಿಸಬೇಕು.

ವಾರ್ಡಿನಲ್ಲಿ

ಪೋರ್ಟಬಲ್ ಎಕ್ಸ್‌-ರೇ ಬಂದಾಗ ಹತ್ತಿರದಲ್ಲಿರುವವರು ಏಪ್ರನ್ ತೊಡಬೇಕು, ಉಳಿದವರು ಕನಿಷ್ಠ 2 ಮೀಟರ್ ಸರಿಯಬೇಕು, ಕಿರಣ ಯಾವ ಹಾಸಿಗೆಯತ್ತ ಹೋಗುತ್ತಿದೆ ಎಂದು ತಂತ್ರಜ್ಞರು ನೋಡಿಕೊಳ್ಳಬೇಕು. ಇಷ್ಟಾದರೆ ವಾರ್ಡ್ ಬಿಟ್ಟು ಓಡುವ ಅಗತ್ಯವಿಲ್ಲ. ಮಗುವನ್ನು ಅಥವಾ ಅಶಕ್ತ ರೋಗಿಯನ್ನು ಹಿಡಿದುಕೊಳ್ಳುವ ಕೆಲಸವನ್ನು ಪ್ರತಿ ಸಲವೂ ಒಬ್ಬರೇ ಆಯಾಗೆ ಹೊರಿಸುವುದು ತಪ್ಪು. ಪಟ್ಟಿ, ದಿಂಬುಗಳಿಂದ ಆಗದಿದ್ದರೆ ಗರ್ಭಿಣಿಯಲ್ಲದ ಬಂಧುವೊಬ್ಬರು ಏಪ್ರನ್ ತೊಟ್ಟು, ಕಿರಣದ ಹಾದಿಯಿಂದ ಹೊರಗಿದ್ದು ಹಿಡಿದುಕೊಳ್ಳಬಹುದು.

ವಿಕಿರಣಶೀಲ ಔಷಧ ಇರುವಲ್ಲಿ

ನ್ಯೂಕ್ಲಿಯರ್ ಮೆಡಿಸಿನ್‌ನಲ್ಲಿ ಲೆಕ್ಕವೇ ಬೇರೆ: ಇಲ್ಲಿ ರೋಗಿಯೇ ವಿಕಿರಣದ ಆಕರ, ಮತ್ತು ಅದಕ್ಕೆ ಸ್ವಿಚ್ ಇಲ್ಲ. ಸ್ಕ್ಯಾನ್‌ಗೆ ಬಳಸುವ ಟೆಕ್ನೀಷಿಯಂ-99ಎಂ ತನ್ನ ವಿಕಿರಣಶೀಲತೆಯ ಅರ್ಧದಷ್ಟನ್ನು 6 ಗಂಟೆಗಳಲ್ಲಿ, ಪೆಟ್ ಸ್ಕ್ಯಾನಿನ ಫ್ಲೋರಿನ್-18 ಸುಮಾರು 110 ನಿಮಿಷಗಳಲ್ಲಿ, ಥೈರಾಯ್ಡ್ ಚಿಕಿತ್ಸೆಯ ಅಯೋಡಿನ್-131 ಸುಮಾರು 8 ದಿನಗಳಲ್ಲಿ ಕಳೆದುಕೊಳ್ಳುತ್ತದೆ. ಪೆಟ್‌ನ 511 ಕಿಲೋಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಗಾಮಾ ಕಿರಣಗಳ ಮುಂದೆ ಎಕ್ಸ್‌-ರೇ ವಿಭಾಗದ ಏಪ್ರನ್ ಹೆಚ್ಚೇನೂ ಮಾಡದು. ಅವುಗಳನ್ನು ಅರ್ಧಕ್ಕೆ ಇಳಿಸಲು ಸುಮಾರು 4 ಮಿಲಿಮೀಟರ್ ಸೀಸ ಬೇಕು. ಏಪ್ರನ್ ತೊಟ್ಟ ಧೈರ್ಯದಲ್ಲಿ ರೋಗಿಯ ಪಕ್ಕದಲ್ಲಿ ಹೆಚ್ಚು ಹೊತ್ತು ನಿಲ್ಲುವುದರಿಂದ ನಷ್ಟವೇ ಹೆಚ್ಚು.

ಹೀಗಾಗಿ ಇಲ್ಲಿ ಸಮಯ ಉಳಿಸುವ ಜಾಣ್ಮೆ ಮುಖ್ಯ. ರೋಗಿಗೆ ಹೇಳಬೇಕಾದದ್ದೆಲ್ಲವನ್ನೂ ಚುಚ್ಚುಮದ್ದಿಗೆ ಮೊದಲೇ ಹೇಳಿ ಮುಗಿಸಬೇಕು. ಕ್ಯಾನುಲಾವನ್ನು ಮೊದಲೇ ಹಾಕಿಟ್ಟು ಅದು ಸರಿಯಾಗಿದೆಯೇ ಎಂದು ಸಲೈನ್ ಹಾಯಿಸಿ ನೋಡಿರಬೇಕು. ಶೌಚಾಲಯ ತೋರಿಸುವುದು, ಹೊದಿಕೆ ಕೊಡುವುದು ಎಲ್ಲವೂ ಆಗಿರಬೇಕು. ಸಿರಿಂಜನ್ನು ಟಂಗ್‌ಸ್ಟನ್ ಕವಚದಲ್ಲೇ ಇಟ್ಟು ಕೊಡಬೇಕು, ಬೆರಳಿಗೆ ಬಿದ್ದ ವಿಕಿರಣವನ್ನು ಅಳೆಯುವ ಉಂಗುರ ಡೋಸಿಮೀಟರನ್ನು ಕೈಗವಸಿನ ಒಳಗೆ, ಅಂಗೈ ಕಡೆಗೆ ತಿರುಗಿಸಿ ಧರಿಸಬೇಕು.

ಔಷಧ ನೆಲಕ್ಕೆ ಚೆಲ್ಲಿದರೆ ಮೊದಲು ಎಲ್ಲರನ್ನೂ ಎಚ್ಚರಿಸಿ, ಹೀರುವ ಕಾಗದ ಹಾಸಿ, ಯಾರೂ ಅದನ್ನು ತುಳಿದು ಹೋಗದಂತೆ ಗಡಿ ಹಾಕಬೇಕು. ಎರಡು ಜೊತೆ ಕೈಗವಸು ತೊಟ್ಟು ಹೊರಗಿನಿಂದ ಒಳಕ್ಕೆ ಒರೆಸುತ್ತಾ ಬರಬೇಕು, ಪ್ರತಿ ಸಲ ಸರ್ವೇ ಮೀಟರಿನಿಂದ ಅಳೆಯಬೇಕು, ಗಡಿ ದಾಟುವಾಗ ಚಪ್ಪಲಿಯ ಮೇಲಿನ ಕವಚವನ್ನು ಅಲ್ಲೇ ಬಿಡಬೇಕು. ಚರ್ಮಕ್ಕೆ ತಾಗಿದ್ದರೆ ಉಗುರುಬೆಚ್ಚಗಿನ ನೀರು ಮತ್ತು ಮೃದುವಾದ ಸೋಪು ಸಾಕು; ಬ್ರಷ್ಷಿನಿಂದ ಉಜ್ಜಿ ಗಾಯ ಮಾಡಿಕೊಂಡರೆ ಅದು ದೇಹದೊಳಗೆ ಸೇರುವ ಹಾದಿ ತೆರೆದಂತೆ.

ಅಯೋಡಿನ್-131 ಪಡೆದವರ ಮೂತ್ರ, ಬೆವರು, ಜೊಲ್ಲಿನಲ್ಲಿ ಅದು ಹೊರಬರುತ್ತದೆ. ಅವರ ಕೊಠಡಿಯ ಹಾಸಿಗೆ ಬಟ್ಟೆಯನ್ನು ಅಳತೆ ಮಾಡದೆ ಲಾಂಡ್ರಿಗೆ ಕಳಿಸಬಾರದು. ಸ್ವಚ್ಛತಾ ಸಿಬ್ಬಂದಿಗೆ ಇದನ್ನು ಅವರ ಭಾಷೆಯಲ್ಲಿ ಬಾಯಿಮಾತಿನಲ್ಲೇ ಹೇಳಬೇಕು. ಬಾಗಿಲಿಗೆ ಅಂಟಿಸಿದ ಫಲಕ ಸಾಲದು.

ವಿಕಿರಣ ಚಿಕಿತ್ಸೆಯಲ್ಲಿ ಎಚ್ಚರಿಕೆಯ ಗಂಟೆಯನ್ನು ನಂಬಿ

ಇಲ್ಲಿ ಸಾಮಾನ್ಯ ದಿನಗಳಲ್ಲಿ ಸಿಬ್ಬಂದಿಗೆ ಬೀಳುವುದು ಬಹಳ ಕಡಿಮೆ, ಆದರೆ ಅವಘಡವಾದರೆ ಅದು ಘೋರವಾಗಿರುತ್ತದೆ. 1992ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಬ್ರಾಕಿಥೆರಪಿಯ (ವಿಕಿರಣದ ಆಕರವನ್ನು ದೇಹದೊಳಗೇ ಇಟ್ಟು ಕೊಡುವ ಚಿಕಿತ್ಸೆ) ಇರಿಡಿಯಂ-192 ಆಕರ ತುಂಡಾಗಿ ರೋಗಿಯ ದೇಹದೊಳಗೇ ಉಳಿಯಿತು. ಕೊಠಡಿಯ ಎಚ್ಚರಿಕೆ ದೀಪ ಉರಿಯುತ್ತಿದ್ದರೂ ಅದು ಕೆಟ್ಟಿರಬೇಕೆಂದು ಭಾವಿಸಿದ ಸಿಬ್ಬಂದಿ ಕೈಯಲ್ಲಿ ಹಿಡಿಯುವ ಮೀಟರಿನಿಂದ ಅಳೆಯದೆ ರೋಗಿಯನ್ನು ಕಳಿಸಿಕೊಟ್ಟರು. ರೋಗಿ ಕೆಲವೇ ದಿನಗಳಲ್ಲಿ ತೀರಿಕೊಂಡರು, ಶುಶ್ರೂಷೆ ಮಾಡಿದವರೂ ಸೇರಿ ಅನೇಕರು ವಿಕಿರಣಕ್ಕೆ ಒಡ್ಡಿಕೊಂಡರು. ಪ್ರತಿ ಚಿಕಿತ್ಸೆಯ ನಂತರ ರೋಗಿಯನ್ನೂ ಕೊಠಡಿಯನ್ನೂ ಮೀಟರಿನಿಂದ ಅಳೆಯಬೇಕು ಎಂಬ ನಿಯಮದ ಬೆಲೆ ಇದು. ಆಕರ ಸಿಕ್ಕಿಕೊಂಡಾಗ ಯಾರು ಒಳಗೆ ಹೋಗಬೇಕು, ಉದ್ದ ಚಿಮಟ ಮತ್ತು ಸೀಸದ ಪಾತ್ರೆ ಎಲ್ಲಿವೆ ಎಂಬುದನ್ನು ಅಣಕು ಅಭ್ಯಾಸದಲ್ಲಿ ಕಲಿತಿರಬೇಕು.

ಗರ್ಭಿಣಿಯಾದಾಗ

ತಿಳಿದ ಕೂಡಲೇ ವಿಕಿರಣ ಸುರಕ್ಷತಾ ಅಧಿಕಾರಿಗೆ ಲಿಖಿತವಾಗಿ ತಿಳಿಸುವುದು ಲೇಸು, ಏಕೆಂದರೆ ವಿಶೇಷ ಮಿತಿ ಅನ್ವಯವಾಗುವುದು ತಿಳಿಸಿದ ನಂತರವೇ: ಉಳಿದ ಅವಧಿಯಲ್ಲಿ ಭ್ರೂಣಕ್ಕೆ ಸುಮಾರು 1 ಮಿಲಿಸೀವರ್ಟ್ ಮೀರದಂತೆ ಕೆಲಸವನ್ನು ಹೊಂದಿಸಬೇಕು. ಇದರರ್ಥ ಕೆಲಸ ಬಿಡಬೇಕೆಂದಲ್ಲ. ಸಾಮಾನ್ಯ ಎಕ್ಸ್‌-ರೇ ಅಥವಾ ಸಿಟಿಯ ನಿಯಂತ್ರಣ ಕೊಠಡಿಯಲ್ಲಿ ಕೆಲಸ ಮುಂದುವರಿಸಬಹುದು. ಅಯೋಡಿನ್ ಚಿಕಿತ್ಸೆಯ ವಾರ್ಡು, ಔಷಧ ತಯಾರಿಸುವ ಕೊಠಡಿ, ದೀರ್ಘ ಫ್ಲೋರೋಸ್ಕೋಪಿಗಳಿಂದ ದೂರವಿಡಬೇಕು. ಏಪ್ರನ್‌ನ ಒಳಗೆ ಹೊಟ್ಟೆಯ ಮಟ್ಟದಲ್ಲಿ ಇನ್ನೊಂದು ಬ್ಯಾಡ್ಜ್ ಕೇಳಿ ಪಡೆಯಬೇಕು.

ವರದಿಯಲ್ಲಿ ಅಂಕಿ ಏರಿದಾಗ

ಮೊದಲು ಅಂಕಿ ನಿಜವೇ ಎಂದು ನೋಡಬೇಕು: ಬ್ಯಾಡ್ಜ್ ಎಲ್ಲಿತ್ತು, ಆ ಅವಧಿಯಲ್ಲಿ ಎಷ್ಟು ಪ್ರಕ್ರಿಯೆಗಳಾದವು, ಜೊತೆಗಿದ್ದವರ ವರದಿ ಏನು ಹೇಳುತ್ತದೆ. ದೇಹಕ್ಕೆ ನಿಜವಾಗಿ ಹೆಚ್ಚು ಬಿದ್ದಿದೆ ಎಂಬ ಅನುಮಾನವಿದ್ದರೆ ರಕ್ತದ ಕಣಗಳಲ್ಲಿ ವರ್ಣತಂತುಗಳ ಬದಲಾವಣೆ ನೋಡುವ ಪರೀಕ್ಷೆ ಇದೆ. ಅದು ಸುಮಾರು 100 ಮಿಲಿಗ್ರೇಗಿಂತ (ಎಕ್ಸ್‌-ರೇ ಇಡೀ ದೇಹಕ್ಕೆ ಬಿದ್ದಾಗ 100 ಮಿಲಿಸೀವರ್ಟ್‌ಗೆ ಸಮ) ಹೆಚ್ಚಿನ ಪ್ರಮಾಣವನ್ನು ಪತ್ತೆಹಚ್ಚಬಲ್ಲದು. ಅದಕ್ಕಿಂತ ಕಡಿಮೆಯಿದ್ದರೆ ಈ ಪರೀಕ್ಷೆ ಏನನ್ನೂ ಹೇಳದು, ಸಾಮಾನ್ಯ ರಕ್ತ ಪರೀಕ್ಷೆಯಂತೂ ಹೇಳುವುದೇ ಇಲ್ಲ. ಕಾರಣ ಯಂತ್ರದಲ್ಲಿದೆಯೋ, ನಿಲ್ಲುವ ಜಾಗದಲ್ಲಿದೆಯೋ, ಕೆಲಸದ ಹಂಚಿಕೆಯಲ್ಲಿದೆಯೋ ಎಂಬುದನ್ನು ಬರಹದಲ್ಲಿ ದಾಖಲಿಸಿ, ಸರಿಪಡಿಸಿದ ಮೇಲೆ ಮುಂದಿನ ವರದಿಯ ಜೊತೆ ಹೋಲಿಸಿ ನೋಡಬೇಕು.

ಪ್ರತಿಯೊಬ್ಬ ಸಿಬ್ಬಂದಿಯೂ ತಮ್ಮ ವಾರ್ಷಿಕ ವರದಿಯ ಪ್ರತಿಯನ್ನು ಕೇಳಿ ಪಡೆದು ಮನೆಯಲ್ಲಿ ಇಟ್ಟುಕೊಳ್ಳಬೇಕು. 5 ವರ್ಷಗಳ ಸರಾಸರಿ ಲೆಕ್ಕಹಾಕುವುದು ವ್ಯಕ್ತಿಯ ಮೇಲೆಯೇ ಹೊರತು ಆಸ್ಪತ್ರೆಯ ಮೇಲಲ್ಲ. ಎರಡು ಕಡೆ ಕೆಲಸ ಮಾಡುವವರು ಎರಡೂ ಕಡೆಯ ಅಂಕಿಗಳನ್ನು ಸೇರಿಸಿ ನೋಡಬೇಕು, ಕೆಲಸ ಬದಲಿಸುವವರು ಹಳೆಯ ದಾಖಲೆಯನ್ನು ಹೊಸ ಜಾಗದ ಸುರಕ್ಷತಾ ಅಧಿಕಾರಿಗೆ ಸೇರಿದ ದಿನವೇ ಕೊಡಬೇಕು.